ವಿಷದ ಪಟ್ಟಿ ಸಾಲದು, ವಿಷದ ಕೆಲಸ ಬೇಕು

ಮಾನ್ಯರೇ,

ಮರುಭೂಮಿಯ ಸಸ್ಯಗಳು ಮೇಯುವ ಪ್ರಾಣಿಗಳಿಂದ ವಿಷದ ಬಲದಿಂದ ಪಾರಾಗುವ ಬಗೆಯನ್ನು ಕುರಿತ ನಿಮ್ಮ ಲೇಖನವನ್ನು ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಹನ್ನೆರಡು ಗಿಡಗಳನ್ನು ಹೆಸರಿಸಿ, ಒಂದೊಂದಕ್ಕೂ ಒಂದು ರಾಸಾಯನಿಕವನ್ನು ಜೋಡಿಸಿ ಮುಂದೆ ಸಾಗಿದ್ದೀರಿ. ಹೀಗಾಗಿ ಗಿಡದಲ್ಲಿ ವಿಷವಿದೆ ಎಂಬುದು ತಿಳಿಯುತ್ತದೆಯೇ ಹೊರತು, ತಿಂದ ಪ್ರಾಣಿಯ ಒಡಲಲ್ಲಿ ಅದು ಏನು ಮಾಡುತ್ತದೆ ಎಂಬುದು ಎಲ್ಲಿಯೂ ತಿಳಿಯುವುದಿಲ್ಲ.

ನೀವು ನಾಲ್ಕು ಸಾಲಿನಲ್ಲಿ ಮುಗಿಸಿರುವ, ಅಮೆರಿಕದ ಮೊಹಾವಿ ಮರುಭೂಮಿಯ ಕ್ರಿಯೋಸೋಟ್ ಪೊದೆಯೊಂದನ್ನೇ ಹಿಡಿದು ಬರೆಯಿರಿ. ಅದರ ಎಲೆಗಳ ಮೇಲೆ ಅಂಟಾದ ರಾಳದ ಲೇಪವಿದೆ. ಎಳೆಯ ಎಲೆಗಳಲ್ಲಿ ಅದು ಇನ್ನೂ ಹೆಚ್ಚು. ಆ ರಾಳದಲ್ಲಿರುವ ಎನ್‌ಡಿಜಿಎ ಎಂಬ ಸಂಯುಕ್ತವು ಹೆಚ್ಚಿನ ಪ್ರಮಾಣದಲ್ಲಿ ಯಕೃತ್ತು (ಲಿವರ್) ಮತ್ತು ಮೂತ್ರಪಿಂಡಗಳಿಗೆ ಹಾನಿ ಮಾಡಬಲ್ಲದು. ದನಗಳು ಆ ಪೊದೆಗೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. ಆದರೆ ರಾಳ ಇರುವುದು ರಕ್ಷಣೆಗಾಗಿ ಮಾತ್ರ ಎಂದು ನೀವು ಬರೆದಿರುವುದು ಸರಿಯಲ್ಲ. ಎಲೆಯಿಂದ ನೀರು ಆರಿಹೋಗುವುದನ್ನು ಕಡಿಮೆ ಮಾಡುವುದರಲ್ಲಿಯೂ ಅದಕ್ಕೆ ಪಾಲಿದೆ.

ಎಲ್ಲಕ್ಕಿಂತ ಸೊಗಸಾದ ಸಂಗತಿಯನ್ನು ನೀವು ಕೊನೆಯ ಪ್ಯಾರಾದಲ್ಲಿ ಹೂತುಬಿಟ್ಟಿದ್ದೀರಿ. ಅದೇ ಮರುಭೂಮಿಯ ವುಡ್‌ರ‍್ಯಾಟ್ ಎಂಬ ಇಲಿ ಈ ಎಲೆಗಳನ್ನೇ ತಿಂದು ಬದುಕುತ್ತದೆ. ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ್ಯಂಟಿಬಯಾಟಿಕ್ ಕೊಟ್ಟು ಕರುಳಿನ ಸೂಕ್ಷ್ಮಜೀವಿಗಳನ್ನು ಕುಗ್ಗಿಸಿದಾಗ ಇಲಿಗಳಿಗೆ ಆ ಆಹಾರದ ಮೇಲೆ ತೂಕ ಉಳಿಸಿಕೊಳ್ಳಲಾಗಲಿಲ್ಲ; ಕ್ರಿಯೋಸೋಟನ್ನು ಎಂದೂ ತಿನ್ನದ, ಬೇರೆ ಪ್ರದೇಶದ ಇಲಿಗಳಿಗೆ ಮೊಹಾವಿಯ ಇಲಿಗಳ ಹಿಕ್ಕೆ ಬೆರೆಸಿದ ಆಹಾರವನ್ನು ಕೊಟ್ಟಾಗ ಅವು ಆ ವಿಷವನ್ನು ಮೊದಲಿಗಿಂತ ಚೆನ್ನಾಗಿ ತಾಳಿಕೊಂಡವು. ಅಂದರೆ ವಿಷದ ಪರಿಣಾಮವು ಗಿಡವೊಂದರಿಂದಲೇ ತೀರ್ಮಾನವಾಗುವುದಿಲ್ಲ. ತಿನ್ನುವ ಪ್ರಾಣಿ ಯಾವುದು, ಎಷ್ಟು ತಿಂದಿತು, ಅದರ ಕರುಳಿನಲ್ಲಿ ಯಾರಿದ್ದಾರೆ ಎಂಬುದರ ಮೇಲೂ ನಿಂತಿದೆ. ಲೇಖನ ಇಲ್ಲಿಂದ ಆರಂಭವಾಗಬೇಕು.

‘ಗಿಡವು ಸೇಡು ತೀರಿಸಿಕೊಳ್ಳಲು ನಿರ್ಧರಿಸಿತು’ ಎಂಬಂಥ ವಾಕ್ಯಗಳನ್ನು ಹೊಡೆದುಹಾಕಿದ್ದೇನೆ. ಗಿಡ ನಿರ್ಧರಿಸುವುದಿಲ್ಲ, ಕಹಿ ಹೆಚ್ಚಿದ್ದ ಗಿಡಗಳು ಮೇವಾಗದೆ ಉಳಿದು ಬೀಜ ಕಟ್ಟಿದವು, ಅಷ್ಟೆ. ಇದನ್ನು ಬರೆಯಲು ನಾಟಕೀಯತೆ ಬೇಕಿಲ್ಲ.

ನಮ್ಮ ಓದುಗರಿಗೆ ಹತ್ತಿರದ ಉದಾಹರಣೆ ಬೇಕೆನಿಸಿದರೆ ಎಕ್ಕವಿದೆ. ಥಾರ್ ಮರುಭೂಮಿಯಲ್ಲಿಯೂ ನಮ್ಮ ಬಯಲುಸೀಮೆಯ ದಾರಿಬದಿಯಲ್ಲಿಯೂ ಬೆಳೆಯುವ ಈ ಗಿಡದ ಹಾಲಿನಲ್ಲಿ ಹೃದಯದ ಬಡಿತವನ್ನು ಕೆಡಿಸಬಲ್ಲ ಸಂಯುಕ್ತಗಳಿವೆ. ಆದರೂ ಪ್ಲೇನ್ ಟೈಗರ್ ಚಿಟ್ಟೆಯ ಹುಳುಗಳು ಅದರ ಎಲೆಯನ್ನೇ ತಿಂದು ಬೆಳೆಯುತ್ತವೆ. ಎರಡು ಗಿಡಗಳಿಗಿಂತ ಹೆಚ್ಚು ಬೇಡ. ತಿದ್ದಿದ ಪ್ರತಿಯನ್ನು ಕಳುಹಿಸಿದರೆ ಖಂಡಿತ ಓದುತ್ತೇನೆ.

ಇಂತಿ,
ಸಂಪಾದಕ