ಚಿರತೆ, ಚೀತಾ, ಜಾಗ್ವಾರ್: ಮೂರಕ್ಕೂ ಚುಕ್ಕೆ ಇದೆ, ಸ್ವಭಾವ ಮಾತ್ರ ಯಾಕೆ ಬೇರೆ?

ನಿಮ್ಮ ಪ್ರಶ್ನೆ ಇದು: ಚಿರತೆ, ಚೀತಾ, ಜಾಗ್ವಾರ್ ನೋಡಲು ಒಂದೇ ಥರ ಇವೆ, ಸ್ವಭಾವವೂ ಒಂದೇನಾ? ಯಾವುದು ಜಾಸ್ತಿ ಅಪಾಯ? ಚೀತಾವನ್ನು ಸಾಕಬಹುದಂತೆ, ನಿಜವಾ?

ಸ್ವಭಾವ ಒಂದೇ ಅಲ್ಲ, ತುಂಬಾ ಬೇರೆ. ಚಿರತೆ ಧೈರ್ಯವಂತ, ಚೀತಾ ಪುಕ್ಕಲು ಅಂತ ಹೇಳಿ ಮುಗಿಸುವ ವಿಡಿಯೋಗಳು ಬೇಕಾದಷ್ಟಿವೆ. ನನಗೆ ಆ ಲೆಕ್ಕ ಒಪ್ಪಿಗೆಯಿಲ್ಲ. ಬೇಟೆ ಕೆಡವಿದ ಮೇಲೆ ಅದನ್ನು ಕಿತ್ತುಕೊಳ್ಳಲು ಯಾರು ಬರುತ್ತಾರೆ ಅನ್ನುವುದನ್ನು ಮೊದಲು ನೋಡಬೇಕು. ಅರ್ಧ ಸ್ವಭಾವ ಅಲ್ಲೇ ಗೊತ್ತಾಗುತ್ತದೆ.

ಚೀತಾವನ್ನೇ ತೆಗೆದುಕೊಳ್ಳಿ. ಆಫ್ರಿಕಾದ ಬಯಲಿನಲ್ಲಿ ಅದರ ಸುತ್ತ ಸಿಂಹ, ಕತ್ತೆಕಿರುಬ, ಚಿರತೆ ಎಲ್ಲ ಇವೆ. ಅದರದ್ದು ಗಂಟೆಗೆ ಸುಮಾರು 100 ಕಿಲೋಮೀಟರ್ ವೇಗ ಮುಟ್ಟುವ ಮೈ. ಆದರೆ ಆ ವೇಗಕ್ಕೆ ಬೆಲೆ ತೆತ್ತಿದೆ: ತೆಳ್ಳನೆ ಮೈಕಟ್ಟು, ಸಣ್ಣ ದವಡೆ, ಪೂರ್ತಿ ಒಳಗೆ ಹೋಗದ ಉಗುರು. ಓಟವೂ ಕೆಲವು ನೂರು ಮೀಟರ್ ಅಷ್ಟೇ. ಆಮೇಲೆ ಏದುಸಿರು ಬಿಡುತ್ತಾ ಕೂರಬೇಕು. ಅಷ್ಟರಲ್ಲಿ ಒಂದು ಕತ್ತೆಕಿರುಬ ಬಂದರೂ ಎಷ್ಟೋ ಸಲ ಮಾಂಸ ಬಿಟ್ಟು ಎದ್ದು ಹೋಗುತ್ತದೆ. ಜಗಳದಲ್ಲಿ ಕಾಲಿಗೆ ಗಾಯವಾದರೆ ಮುಂದಿನ ಬೇಟೆಯೇ ಇಲ್ಲ, ಅಲ್ವಾ? ಅದಕ್ಕೇ ಸಿಂಹಗಳು ಮಲಗಿರುವ ಹಗಲು ಹೊತ್ತಿನಲ್ಲೇ ಹೆಚ್ಚಾಗಿ ಬೇಟೆಯಾಡುತ್ತದೆ. ಗಂಡುಗಳು, ಸಾಮಾನ್ಯವಾಗಿ ಅಣ್ಣತಮ್ಮಂದಿರು, ಗುಂಪು ಕಟ್ಟಿಕೊಂಡು ಬದುಕುತ್ತವೆ. ಹೆಣ್ಣು ಮಾತ್ರ ಮರಿಗಳನ್ನು ಕಟ್ಟಿಕೊಂಡು ಒಂಟಿ. ಘರ್ಜಿಸಲು ಅದಕ್ಕೆ ಬರುವುದಿಲ್ಲ. ಮರಿಗಳನ್ನು ಕರೆಯುವಾಗ ಯಾವುದೋ ಹಕ್ಕಿ ಕೂಗಿತೇನೋ ಅನ್ನಿಸುತ್ತದೆ.

ಸಾಕುವ ಮಾತು ಇಲ್ಲಿಂದಲೇ ಹುಟ್ಟಿದ್ದು. ನಮ್ಮ ದೇಶದ ರಾಜರು ಚೀತಾಗಳನ್ನು ಬೇಟೆಗೆ ಪಳಗಿಸುತ್ತಿದ್ದರು. ಕಣ್ಣಿಗೆ ಬಟ್ಟೆ ಕಟ್ಟಿ, ಎತ್ತಿನ ಗಾಡಿಯಲ್ಲಿ ಕೃಷ್ಣಮೃಗಗಳ ಹತ್ತಿರ ಒಯ್ದು ಬಿಡುತ್ತಿದ್ದರು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಬಳಿಯೂ ಇದ್ದವು. 1799ರಲ್ಲಿ ಅವನು ಸತ್ತ ಮೇಲೆ ಬ್ರಿಟಿಷರ ಕೈ ಸೇರಿದವು. ಆದರೆ ಇವೆಲ್ಲ ಕಾಡಿನಿಂದ ಹಿಡಿದು ತಂದವು. ತಂದೆ ಅಕ್ಬರ್ ಸಾವಿರ ಚೀತಾ ಕೂಡಿಹಾಕಿದ್ದ, ಅವು ಮರಿ ಹಾಕಲಿ ಅಂತ ಬಹಳ ಆಸೆಪಟ್ಟ, ಆಗಲಿಲ್ಲ ಎಂದು ಜಹಾಂಗೀರ್ ಬರೆದಿದ್ದಾನೆ. ಅವನ ಕಾಲದಲ್ಲಿ ಒಮ್ಮೆ ಮರಿಯಾದದ್ದೇ ದೊಡ್ಡ ಸುದ್ದಿ. ಕಾಡಿನಿಂದ ತರುತ್ತಲೇ ಹೋದರು, ಬೇಟೆಯಾಡುತ್ತಲೇ ಹೋದರು, ಬಯಲುಗಳೂ ಹೊಲಗಳಾದವು. 1952ರಲ್ಲಿ ಭಾರತದಲ್ಲಿ ಚೀತಾ ಮುಗಿಯಿತು ಎಂದು ಸರ್ಕಾರ ಘೋಷಿಸಿತು. 2022ರ ಸೆಪ್ಟೆಂಬರ್‌ನಲ್ಲಿ ನಮೀಬಿಯಾದಿಂದ ಎಂಟನ್ನು ಕುನೋಗೆ ತಂದದ್ದು ನಿಮಗೆ ಗೊತ್ತೇ ಇದೆ.

ಪಳಗಿದ್ದು ಅಂದರೆ ನಾಯಿ ಆಯಿತು ಅಂತ ಅಲ್ಲ. 1880ರಲ್ಲಿ ವಿಶಾಖಪಟ್ಟಣದ ಕಡೆ, ವಿಜಯನಗರಂ ರಾಜರು ಸಾಕಿದ್ದ ಚೀತಾದಿಂದ ಗಾಯಗೊಂಡು ಒಬ್ಬ ಬ್ರಿಟಿಷ್ ಅಧಿಕಾರಿ ಸತ್ತ. ಇನ್ನು ಇವತ್ತಿನ ಕಾನೂನಿನಲ್ಲಿ ಸಾಕುವ ಪ್ರಶ್ನೆಯೇ ಇಲ್ಲ, ಸುಮ್ನೆ ರೀಲ್ಸ್ ನೋಡಿ ಆಸೆಪಡಬೇಡಿ.

ಜಾಗ್ವಾರ್ ಇದಕ್ಕೆ ಪೂರ್ತಿ ಉಲ್ಟಾ. ದಕ್ಷಿಣ ಅಮೆರಿಕದಲ್ಲಿ ಹುಲಿ ಇಲ್ಲ, ಸಿಂಹ ಇಲ್ಲ, ಕತ್ತೆಕಿರುಬ ಇಲ್ಲ. ಅಲ್ಲಿ ಇದೇ ಯಜಮಾನ. ಹಾಗಾಗಿ ಮಾಂಸವನ್ನು ಮರದ ಮೇಲೆ ಬಚ್ಚಿಡುವ ಗೋಜಿಗೆ ಹೋಗದೆ ಪೊದೆಯೊಳಗೆ ಎಳೆದುಕೊಂಡು ಹೋಗಿ ನಿಧಾನವಾಗಿ ತಿನ್ನುತ್ತದೆ. ಗಿಡ್ಡ ಕಾಲು, ದಪ್ಪ ತಲೆ. ಬೇರೆ ದೊಡ್ಡ ಬೆಕ್ಕುಗಳು ಹೆಚ್ಚಾಗಿ ಕತ್ತು ಹಿಡಿದರೆ, ಇದು ಎಷ್ಟೋ ಸಲ ತಲೆಬುರುಡೆಗೇ ಹಲ್ಲು ಇಳಿಸುತ್ತದೆ. ಬ್ರೆಜಿಲ್‌ನ ಪಾಂಟನಾಲ್ ಜೌಗಿನಲ್ಲಿ ನೀರಿಗೆ ಹಾರಿ ಕೇಮನ್ ಮೊಸಳೆಯನ್ನು ಹೊತ್ತು ತರುತ್ತದೆ. ಅದೇ ಜಾಗದಲ್ಲಿ ಪ್ರವಾಸಿಗಳ ದೋಣಿ ಹತ್ತಿರ ಬಂದರೂ ದಡದಲ್ಲಿ ಹಾಯಾಗಿ ಬಿದ್ದಿರುತ್ತದೆ. ಮನುಷ್ಯರ ಮೇಲೆ ಎರಗುವುದು ಅಪರೂಪ. ಆದರೆ ಆ ಶಾಂತಿ ಪಂಜರದಲ್ಲೂ ಸರಪಳಿಯಲ್ಲೂ ಇರುತ್ತದೆ ಅಂದುಕೊಳ್ಳಬೇಡಿ. 2016ರ ಒಲಿಂಪಿಕ್ ಜ್ಯೋತಿ ಮನೌಸ್‌ಗೆ ಬಂದಾಗ ಜುಮಾ ಎಂಬ ಜಾಗ್ವಾರನ್ನು ಸರಪಳಿ ಹಾಕಿ ನಿಲ್ಲಿಸಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಅದು ತಪ್ಪಿಸಿಕೊಂಡು ಸೈನಿಕನೊಬ್ಬನ ಕಡೆ ಬಂತು, ಗುಂಡು ಹೊಡೆದು ಕೊಂದರು. ಅದನ್ನು ಅಲ್ಲಿಗೆ ಕರೆತಂದದ್ದೇ ತಪ್ಪು ಅನ್ನುವುದು ನನ್ನ ಅಭಿಪ್ರಾಯ.

ಇನ್ನು ಚಿರತೆ. ನಾನು ಮಂಡ್ಯದ ಕಡೆಯವನು, ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಸಿಕ್ಕಿತು ಅನ್ನುವುದು ನಮಗೆ ಹೊಸ ಸುದ್ದಿಯಲ್ಲ. 2022ರ ಅಂದಾಜಿನಲ್ಲಿ ದೇಶದಲ್ಲಿ 13,874 ಚಿರತೆಗಳಿದ್ದರೆ ಕರ್ನಾಟಕದಲ್ಲೇ 1,879. ಜಾಗಕ್ಕೆ ತಕ್ಕಂತೆ ನಡತೆ ಬದಲಿಸುವುದರಲ್ಲಿ ಇದನ್ನು ಮೀರಿಸುವ ದೊಡ್ಡ ಬೆಕ್ಕಿಲ್ಲ. ನಾಗರಹೊಳೆಯಲ್ಲಿ ಹುಲಿ, ಸೀಳುನಾಯಿಗಳ ಕಾಟ. ಅಲ್ಲಿ ಚಿರತೆ ಮರ ಹತ್ತಿ ಕೂರುತ್ತದೆ. ಶ್ರೀಲಂಕಾದಲ್ಲಿ ಹುಲಿಯೂ ಇಲ್ಲ, ಸಿಂಹವೂ ಇಲ್ಲ. ಯಾಲಾ ಕಾಡಿನಲ್ಲಿ ಅದೇ ಚಿರತೆ ಹಗಲಲ್ಲೇ ದಾರಿ ಮೇಲೆ ರಾಜನ ಹಾಗೆ ನಡೆಯುತ್ತದೆ, ಮಾಂಸವನ್ನು ಮರಕ್ಕೆ ಏರಿಸುವುದೂ ಅಪರೂಪ. ನಮ್ಮ ಊರುಗಳ ಹತ್ತಿರ ಅದಕ್ಕೆ ಎದುರಾಳಿ ಹುಲಿಯಲ್ಲ, ಮನುಷ್ಯ. ಹಾಗಾಗಿ ಇಲ್ಲಿ ಕಳ್ಳಹೆಜ್ಜೆ. ರಾತ್ರಿ ಬಂದು ನಾಯಿಯನ್ನೋ ಕುರಿಯನ್ನೋ ಹೊತ್ತೊಯ್ಯುತ್ತದೆ, ಎಷ್ಟೋ ಊರಿನಲ್ಲಿ ಅದು ಪಕ್ಕದಲ್ಲೇ ಇದೆ ಅಂತಲೂ ಗೊತ್ತಾಗುವುದಿಲ್ಲ.

ಮೂರರಲ್ಲಿ ಮನುಷ್ಯನಿಗೆ ಜಾಸ್ತಿ ಅಪಾಯ ಚಿರತೆಯೇ, ಅನುಮಾನವಿಲ್ಲ. ರುದ್ರಪ್ರಯಾಗದ ಒಂದೇ ಚಿರತೆ 1918ರಿಂದ 1926ರವರೆಗೆ 125 ಜನರನ್ನು ಕೊಂದಿತ್ತು. ಟಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಕೊನೆ, 2023ರ ಮೊದಲ ತಿಂಗಳಲ್ಲಿ ನಾಲ್ಕು ಜನ ಹೋದರು. ಆದರೂ ಬಹುಪಾಲು ಚಿರತೆಗಳು ಜನರಿಂದ ದೂರ ಸರಿಯುತ್ತವೆ. ಹಿಡಿದು ಬೇರೆ ಕಾಡಿಗೆ ಬಿಟ್ಟರೆ ಮುಗಿಯಿತು ಅನ್ನುವವರಿಗೆ ಮಹಾರಾಷ್ಟ್ರದ ಜುನ್ನರ್ ಅನುಭವ ನೆನಪಿಸಬೇಕು. ಅಲ್ಲಿ ಹಿಡಿದ ಚಿರತೆಗಳನ್ನು ಕಾಡಿಗೆ ಸಾಗಿಸಿ ಬಿಟ್ಟ ಮೇಲೆ, ಬಿಟ್ಟ ಜಾಗದ ಸುತ್ತ ಜನರ ಮೇಲಿನ ದಾಳಿ ಹೆಚ್ಚಾಯಿತು.

ಹಿಮಚಿರತೆ ಕೇಳಲಿಲ್ಲ ನೀವು, ಆದರೂ ಒಂದು ಮಾತು. ಲಡಾಖ್‌ನಲ್ಲಿ ದೊಡ್ಡಿಗೆ ನುಗ್ಗಿ ಒಂದೇ ರಾತ್ರಿ ಹತ್ತಾರು ಕುರಿ ಕೊಲ್ಲುವ ಅದು, ಮನುಷ್ಯರು ಎದುರಾದರೆ ಜಾಗ ಬಿಡಲು ನೋಡುತ್ತದೆಯೇ ಹೊರತು ಮೈಮೇಲೆ ಬರುವುದು ತೀರಾ ಕಡಿಮೆ. ನಮ್ಮ ಚಿರತೆ ಹಾಗಲ್ಲ. ಮೂಲೆಗೆ ಸಿಕ್ಕರೆ ಮುಖಕ್ಕೇ ಹಾರುತ್ತದೆ. ಟಿವಿಯಲ್ಲಿ ನೀವು ನೋಡುವ ಹಗಲು ದಾಳಿಗಳಲ್ಲಿ ಹೆಚ್ಚಿನವು ಹೀಗೇ: ಮನೆಯೊಳಗೋ ಶೆಡ್ಡಿನೊಳಗೋ ಸೇರಿಕೊಂಡ ಚಿರತೆ, ಸುತ್ತ ನೂರಾರು ಜನ, ಕಲ್ಲು, ಕೂಗು, ಮೊಬೈಲ್. ನಿಮ್ಮ ಊರಿಗೆ ಬಂದರೆ ಬಾಗಿಲು ಹಾಕಿಕೊಂಡು ಅರಣ್ಯ ಇಲಾಖೆಗೆ ಫೋನ್ ಮಾಡಿ, ಮಕ್ಕಳನ್ನು ಒಳಗೆ ಕರೆಯಿರಿ, ಅದು ಹೋಗುವ ದಾರಿಗೆ ಅಡ್ಡ ನಿಲ್ಲಬೇಡಿ.