ಓವರ್‌ಡ್ರೈವ್ ಒತ್ತಿದೊಡನೆ ಬೇಸ್ ಗಿಟಾರ್ ಕೇಳಿಸದಾಗುವುದೇಕೆ?

ನೀವು ಕೇಳಿರುವುದು ಇಷ್ಟು: ಪುಣೆಯಲ್ಲಿ ಗೆಳೆಯರ ತಂಡದಲ್ಲಿ ಬೇಸ್ ನುಡಿಸುತ್ತೀರಿ. ಗಿಟಾರ್ ವಾದಕರ ಟ್ಯೂಬ್ ಸ್ಕ್ರೀಮರ್ ಎಂಬ ಓವರ್‌ಡ್ರೈವ್ ಪೆಡಲನ್ನು (ಸದ್ದನ್ನು ಒರಟಾಗಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆ) ಎರವಲು ತಂದಿದ್ದೀರಿ. ಒಬ್ಬರೇ ನುಡಿಸುವಾಗ ಅದು ಚೆನ್ನಾಗಿ ಕೇಳುತ್ತದೆ, ಡ್ರಮ್ಸ್ ಸೇರಿಕೊಂಡ ಕೂಡಲೇ ಬೇಸ್ ಮಾಯವಾಗುತ್ತದೆ. ಬೇಸ್‌ಗೆಂದೇ ತಯಾರಾದ ಬೇರೆ ಪೆಡಲ್ ಕೊಳ್ಳಬೇಕೇ?

ಕೊಳ್ಳಲೇಬೇಕೆಂದಿಲ್ಲ. ಆದರೆ ತಂತಿಯಿಂದ ಬಂದ ಸದ್ದನ್ನು ಪೂರ್ತಿಯಾಗಿ ಆ ಪೆಡಲ್‌ಗೆ ಒಪ್ಪಿಸಬೇಡಿ, ಒಂದು ಪಾಲನ್ನು ಶುದ್ಧವಾಗಿಯೇ ಉಳಿಸಿಕೊಳ್ಳಿ. ಡೊಂಬಿವಲಿಯ ನಮ್ಮ ಕನ್ನಡದ ಹುಡುಗರ ತಂಡದಲ್ಲಿ ನಾನು ನುಡಿಸುವುದೂ ಹೀಗೆಯೇ. ಹೊಸದಾಗಿ ಬೇಸ್ ಹಿಡಿದವರಿಗೆ ನಾನು ಮೊದಲು ಹೇಳುವ ಮಾತೂ ಇದೇ.

ಗಿಟಾರ್‌ನ ದಪ್ಪ ತಂತಿ ಸುಮಾರು 82 ಹರ್ಟ್ಜ್‌ನಲ್ಲಿ ಮಿಡಿದರೆ ಬೇಸ್‌ನ ಇ ತಂತಿ 41ರಲ್ಲಿ ಮಿಡಿಯುತ್ತದೆ. ಟ್ಯೂಬ್ ಸ್ಕ್ರೀಮರ್ ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನ ಭಾಗವನ್ನು ಹೆಚ್ಚು ಹಿಗ್ಗಿಸುವುದಿಲ್ಲ, ಮಧ್ಯದ ಭಾಗವನ್ನು ಮಾತ್ರ ಮುಂದಕ್ಕೆ ತಳ್ಳುತ್ತದೆ. ಗಿಟಾರ್‌ಗೆ ಅದೇ ಬೇಕು. ನಿಮ್ಮ ಸ್ವರದ ತಳಪಾಯವೋ ಆ ಗೆರೆಯ ಕೆಳಗೇ ಇದೆ. ಜೊತೆಗೆ ಪೆಡಲ್ ಅಲೆಯ ತುದಿಗಳನ್ನು ಕತ್ತರಿಸುವುದರಿಂದ (ಇದೇ ಕ್ಲಿಪ್ಪಿಂಗ್) ಬೆರಳಿನ ಹೊಡೆತದ ಏರಿಳಿತವೂ ಚಪ್ಪಟೆಯಾಗುತ್ತದೆ. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ ಜೊತೆ ಬೇಸ್ ಬೆಸೆದುಕೊಳ್ಳುವುದು ಆ ಹೊಡೆತದಿಂದಲೇ.

ಹಾಗಾದರೆ ಡಿಸ್ಟಾರ್ಷನ್, ಅಂದರೆ ಈ ಒರಟುತನ, ಏಕೆ ಬೇಕು? ತಂಬೂರಿಯ ತಂತಿಯಡಿ ಜವಾರಿ ದಾರವನ್ನು ಸರಿಯಾದ ಜಾಗಕ್ಕೆ ಸರಿಸಿದಾಗ ಒಂದೇ ಸ್ವರದೊಳಗಿಂದ ಮೇಲಿನ ಉಪಸ್ವರಗಳು ಹೊಮ್ಮುತ್ತವಲ್ಲ, ಪೆಡಲ್ ಮಾಡುವುದೂ ಅದನ್ನೇ. ಮೊಬೈಲ್‌ನ ಸ್ಪೀಕರ್ 41 ಹರ್ಟ್ಜ್ ನುಡಿಸಲಾರದು. ಆದರೂ ಉಪಸ್ವರಗಳು ಕೇಳಿದರೆ ಸಾಕು, ಮೂಲ ಸ್ವರ ಯಾವುದೆಂದು ಕಿವಿ ತಾನೇ ಗುರುತಿಸುತ್ತದೆ. ಒಳ್ಳೆಯ ಓವರ್‌ಡ್ರೈವ್ ಹಲವು ಸಲ ‘ಒರಟು ಸದ್ದು’ ಎಂದು ಅನ್ನಿಸುವುದೇ ಇಲ್ಲ. ಬೇಸ್ ಸ್ಪಷ್ಟವಾಗಿದೆ ಎಂದಷ್ಟೇ ಅನ್ನಿಸುತ್ತದೆ.

ಇದು ಹೊಸ ಉಪಾಯವಲ್ಲ. 1965ರಲ್ಲಿ ಬೀಟಲ್ಸ್‌ನ ‘ಥಿಂಕ್ ಫಾರ್ ಯುವರ್‌ಸೆಲ್ಫ್’ ಹಾಡಿಗೆ ಪಾಲ್ ಮೆಕಾರ್ಟ್ನಿ ಫಜ್ (ಇನ್ನೂ ಒರಟಾದ ಡಿಸ್ಟಾರ್ಷನ್) ಬೇಸ್ ನುಡಿಸಿದಾಗ ಅದರಡಿಯಲ್ಲಿ ಸಾಮಾನ್ಯ ಬೇಸ್ ಕೂಡ ಇತ್ತು. ಬಾಸ್ ಕಂಪನಿಯ ಓಡಿಬಿ-3 ಪೆಡಲ್‌ನಲ್ಲಿ ಬ್ಯಾಲೆನ್ಸ್ ಗುಂಡಿಯೂ ಸಾನ್ಸ್‌ಆಂಪ್ ಬೇಸ್ ಡ್ರೈವರ್‌ನಲ್ಲಿ ಬ್ಲೆಂಡ್ ಗುಂಡಿಯೂ ಇರುವುದು ಶುದ್ಧ ಸದ್ದನ್ನು ಹೀಗೆ ಬೆರೆಸಿಕೊಳ್ಳಲೆಂದೇ. ನಿಮ್ಮಲ್ಲಿರುವ ಪೆಡಲನ್ನೇ ಬಳಸುವುದಾದರೆ ಸದ್ದನ್ನು ಎರಡು ದಾರಿಗಳಾಗಿ ಒಡೆಯುವ ಬಾಸ್ ಎಲ್‌ಎಸ್-2 ಲೈನ್ ಸೆಲೆಕ್ಟರ್ ತೆಗೆದುಕೊಳ್ಳಿ. ಒಂದು ದಾರಿಗೆ ಟ್ಯೂಬ್ ಸ್ಕ್ರೀಮರ್ ಹಾಕಿ, ಇನ್ನೊಂದನ್ನು ಖಾಲಿ ಬಿಟ್ಟು, ಎರಡನ್ನೂ ಬೆರೆಸಿಕೊಳ್ಳಬಹುದು. ಒಂದು ಎಚ್ಚರಿಕೆ: ಕೆಲವು ಪೆಡಲ್‌ಗಳು ಅಲೆಯನ್ನು ತಲೆಕೆಳಗು ಮಾಡುತ್ತವೆ. ಬೆರೆಸಿದಾಗ ಸದ್ದು ತುಂಬಿಕೊಳ್ಳುವ ಬದಲು ಇನ್ನೂ ತೆಳುವಾದರೆ ಎರಡು ಅಲೆಗಳು ಒಂದನ್ನೊಂದು ಅಳಿಸುತ್ತಿವೆ ಎಂದು ತಿಳಿಯಿರಿ. ಆಗ ಬೇರೆ ಪೆಡಲ್ ನೋಡುವುದೇ ಸರಿ.

ಗುಂಡಿಗಳನ್ನು ಇಡೀ ತಂಡ ನುಡಿಸುತ್ತಿರುವಾಗಲೇ ಹೊಂದಿಸಿ. ಶುದ್ಧ ಸದ್ದನ್ನು ಪೂರ್ತಿ ಇಟ್ಟು, ಒರಟುತನದ ಡ್ರೈವ್ ಗುಂಡಿಯನ್ನು ಕಾಲು ಭಾಗಕ್ಕಿಂತ ಹೆಚ್ಚಿಸದೆ, ಪೆಡಲ್‌ನ ಒರಟು ಸದ್ದನ್ನು ಮೆಲ್ಲಗೆ ಬೆರೆಸುತ್ತಾ ಹೋಗಿ. ಪೆಡಲ್ ಆರಿಸಿದಾಗ ‘ಏನೋ ಕಡಿಮೆಯಾಯಿತು’ ಅನ್ನಿಸುವ ಜಾಗದಲ್ಲಿ ನಿಲ್ಲಿಸಿ. ಹಚ್ಚಿದಾಗಲೂ ಆರಿಸಿದಾಗಲೂ ಗಟ್ಟಿತನ ಒಂದೇ ಇರಲಿ. ಇಲ್ಲದಿದ್ದರೆ ಜೋರಾಗಿರುವುದೇ ಚೆಂದವೆಂದು ಕಿವಿ ನಂಬಿಬಿಡುತ್ತದೆ. ಕ್ಯಾಬಿನೆಟ್‌ನಲ್ಲಿ (ಸ್ಪೀಕರ್ ಪೆಟ್ಟಿಗೆಯಲ್ಲಿ) ಎತ್ತರದ ಸದ್ದು ನುಡಿಸುವ ಟ್ವೀಟರ್ ಇದ್ದರೆ ತಗ್ಗಿಸಿ, ಆ ಕರಕರ ಸದ್ದು ಬಹುಪಾಲು ಅಲ್ಲಿಂದಲೇ ಬರುತ್ತದೆ. ಮೀಟದ ತಂತಿಗಳನ್ನು ಬೆರಳಿನಿಂದ ಮುಚ್ಚಿಟ್ಟುಕೊಳ್ಳಿ. ತಗ್ಗಿನಲ್ಲಿ ಎರಡು ಸ್ವರಗಳನ್ನು ಒಟ್ಟಿಗೆ ಮೀಟಿದರೆ ಕ್ಲಿಪ್ಪಿಂಗ್ ಅವುಗಳ ನಡುವೆ ಬೇಡದ ಸ್ವರಗಳನ್ನು ಹುಟ್ಟಿಸಿ ಎಲ್ಲವನ್ನೂ ಕಲಸಿಬಿಡುತ್ತದೆ.

ಮೋಟರ್‌ಹೆಡ್ ರಾಕ್ ತಂಡದ ಬೇಸ್ ವಾದಕ ಲೆಮ್ಮಿ ಹೀಗೆ ನುಡಿಸಲಿಲ್ಲವಲ್ಲ ಎಂದು ನೀವು ಕೇಳಬಹುದು. ನಿಜ. ಅವರು ರಿಕನ್‌ಬ್ಯಾಕರ್ ಬೇಸನ್ನು ಮಾರ್ಷಲ್ ಆಂಪ್ಲಿಫೈಯರ್‌ಗಳಿಗೆ ಹಚ್ಚಿ, ಮಧ್ಯದ ಭಾಗವನ್ನು ಏರಿಸಿ, ರಿದಮ್ ಗಿಟಾರ್‌ನ ಕೆಲಸವನ್ನೂ ತಾವೇ ಮಾಡುತ್ತಿದ್ದರು. ನಿಮ್ಮ ತಂಡದಲ್ಲಿ ಆ ಜಾಗ ಖಾಲಿಯಿದ್ದರೆ ಧಾರಾಳವಾಗಿ ತುಂಬಿ. ಇಬ್ಬರು ಗಿಟಾರ್ ವಾದಕರಿದ್ದರೆ ಮಾತ್ರ ನನ್ನ ಸಲಹೆ ಬೇಡವೆಂದೇ.

ಮುಂಬೈ, ಪುಣೆಗಳ ಸಣ್ಣ ವೇದಿಕೆಗಳಲ್ಲಿ ಇನ್ನೊಂದನ್ನು ನೋಡಿಕೊಳ್ಳಿ. ಅಲ್ಲಿ ಬೇಸ್ ಡಿಐ ಪೆಟ್ಟಿಗೆಯ (ವಾದ್ಯದ ಸದ್ದನ್ನು ಮಿಕ್ಸರ್‌ಗೆ ಹೊಂದುವಂತೆ ಮಾಡುವ ಪೆಟ್ಟಿಗೆ) ಮೂಲಕ ನೇರವಾಗಿ ಮಿಕ್ಸರ್‌ಗೆ ಹೋಗುವುದೇ ಹೆಚ್ಚು. ಆ ಪೆಟ್ಟಿಗೆ ಪೆಡಲ್‌ಗಿಂತ ಮೊದಲು ಇದ್ದರೆ ನಿಮ್ಮ ಡಿಸ್ಟಾರ್ಷನ್ ಸಭಿಕರಿಗೆ ತಲುಪುವುದೇ ಇಲ್ಲ. ನಂತರ ಇದ್ದರೆ, ಒರಟುತನವನ್ನು ಮೆದು ಮಾಡುವ ಕ್ಯಾಬಿನೆಟ್ ನಡುವೆ ಇಲ್ಲದ ಕಾರಣ ಸದ್ದು ಕರ್ಕಶವಾಗುತ್ತದೆ. ಆಗ ಕ್ಯಾಬಿನೆಟ್ ಸಿಮ್ಯುಲೇಷನ್ (ಕ್ಯಾಬಿನೆಟ್‌ನ ಅನುಕರಣೆ) ಇರುವ ಪೆಡಲ್ ಬಳಸಿ, ಇಲ್ಲವಾದರೆ ಸುಮಾರು 4 ಕಿಲೋಹರ್ಟ್ಜ್ ಮೇಲಿನದನ್ನು ತಗ್ಗಿಸಿಕೊಡಿ ಎಂದು ಸೌಂಡ್ ಎಂಜಿನಿಯರ್‌ಗೆ ಕಾರ್ಯಕ್ರಮಕ್ಕೆ ಮೊದಲೇ ಹೇಳಿ.

ಕೊನೆಗೂ ಹೊಸ ಪೆಡಲ್ ಕೊಳ್ಳಲು ಮುಂಬೈಗೆ ಬಂದರೆ ಧೋಬಿ ತಲಾವ್‌ನ ವಾದ್ಯದಂಗಡಿಗಳಿಗೆ ನಿಮ್ಮ ಬೇಸನ್ನೇ ಹೊತ್ತು ತನ್ನಿ. ತಂತಿಯ ಮಿಡಿತವನ್ನು ಹಿಡಿಯುವ ಪಿಕಪ್ ಬದಲಾದರೆ ಅದೇ ಪೆಡಲ್ ಬೇರೆಯದೇ ಆಗಿ ಕೇಳುತ್ತದೆ.