ದಿ ಪ್ರಿಸನರ್: 8ನೇ ಕಂತಿನಲ್ಲಿ ‘ನಾನು ಹೊಸಬ’ ಅನ್ನೋದು ಯಾಕೆ?

ಬ್ರಿಟಿಷ್ ಟಿವಿ ಸರಣಿ ‘ದಿ ಪ್ರಿಸನರ್’ನ 8ನೇ ಕಂತು ‘ಡ್ಯಾನ್ಸ್ ಆಫ್ ದಿ ಡೆಡ್’ನಲ್ಲಿ ನಾಯಕ ‘ನಾನು ಹೊಸಬ’ ಅನ್ನುತ್ತಾನೆ, ಡಿಸ್ಕಿನಲ್ಲಿ ಕಂತುಗಳ ಕ್ರಮ ತಪ್ಪಿದೆಯೇ ಎಂದು ಕೇಳಿದ್ದೀರಿ. ನಿಮ್ಮ ಡಿಸ್ಕ್ ಸರಿಯಾಗೇ ಇದೆ, ಎಡವಟ್ಟು ಪ್ರಸಾರದ ಕ್ರಮದ್ದು. 1967-68ರಲ್ಲಿ ಬ್ರಿಟನ್ನಿನ ಟಿವಿಯಲ್ಲಿ ಬಂದ ಕ್ರಮವೇ ಬೇರೆ, ಚಿತ್ರೀಕರಣದ ಕ್ರಮವೇ ಬೇರೆ.

ಮೊದಲು ‘ಅರೈವಲ್’ ನೋಡಿ. ಅದರ ಬೆನ್ನಿಗೇ ನೀವು ಹೇಳಿದ ‘ಡ್ಯಾನ್ಸ್ ಆಫ್ ದಿ ಡೆಡ್’ ಹಾಕಿ, ಆ ಮಾತು ಸರಿಹೋಗುತ್ತದೆ. ಆಮೇಲೆ ‘ಚೆಕ್‌ಮೇಟ್’. ಮಧ್ಯದ ಕಂತುಗಳ ಬಗ್ಗೆ ಅಭಿಮಾನಿಗಳಲ್ಲೇ ಒಮ್ಮತವಿಲ್ಲ, ಸುಮ್ನೆ ಡಿಸ್ಕಿನಲ್ಲಿರುವಂತೆ ನೋಡಿ.

ಕೊನೆಯ ಎರಡನ್ನು ಮಾತ್ರ ಕದಲಿಸಬೇಡಿ: ‘ಒನ್ಸ್ ಅಪಾನ್ ಎ ಟೈಮ್’, ‘ಫಾಲ್ ಔಟ್’. ಮೊದಲನೆಯದನ್ನು ತುಂಬಾ ಮುಂಚೆಯೇ ಚಿತ್ರೀಕರಿಸಿದ್ದರು. ಅದರಲ್ಲಿ ನಟ ಲಿಯೊ ಮೆಕರ್ನ್‌ಗೆ ದಟ್ಟ ಗಡ್ಡ. ಮುಂದಿನದರ ಚಿತ್ರೀಕರಣದ ಹೊತ್ತಿಗೆ ಆ ಗಡ್ಡ ಇರಲಿಲ್ಲ, ಹಾಗಾಗಿ ಗಡ್ಡ ಬೋಳಿಸುವುದನ್ನೇ ಕಥೆಯೊಳಗೆ ಸೇರಿಸಿಬಿಟ್ಟಿದ್ದಾರೆ, ಜಾಣರು! ಎರಡನ್ನೂ ಒಂದೇ ರಾತ್ರಿ ನೋಡಿ.